ಮರಗಮ್ಮನ ಕಣ್ಣು

ಕುರಕುಂಟಾದ ಮರಗಮ್ಮನ ಗುಡಿಯಲ್ಲಿ ಪೀರಮ್ಮ ಮೂವತ್ತು ವರ್ಷದಿಂದ ಕಸ ಗುಡಿಸುತ್ತಿದ್ದಳು. ಒಂದು ಬೆಳಿಗ್ಗೆ ಗುಡಿ ಕಮಿಟಿಯ ಬಸವಂತರಾಯರು ಸೇಡಂನಿಂದ ಪೇಂಟರನ್ನು ಕರೆತಂದು, ದೇವಿಯ ಕೆಂಪು ಕಣ್ಣು ಅಳಿಸಿ, ಕೋರೆಹಲ್ಲು ಮುಚ್ಚಿ, ನಗುಮುಖ ಬರೆಯಲು ಹೇಳಿದರು.

ಪೀರಮ್ಮ ಅಡ್ಡ ಬಂದಳು. "ಯಾಕ್ರಿ ಸಾವಕಾರ್ರ?"

"ತಾಯಿ ಅಂದ್ರ ಶಾಂತ ಇರಬೇಕು ಪೀರಮ್ಮ. ಇಕಿನ್ನ ನೋಡಿ ಹುಡುಗ್ರು ಹೆದರಾಕತ್ತಾರ."

ಪೀರಮ್ಮನ ಮೈಯೆಲ್ಲ ಉರಿಯಿತು. "ಹುಡುಗ್ರು ಆಕಿ ಕಾಲಾಗೇ ಆಡ್ತಾರ, ಒಬ್ಬರೂ ಹೆದರಂಗಿಲ್ರಿ. ಹೆದರಿದಾಂವ ನನ್ನ ಗಂಡ. ಕುಡುದು ಕೊಡ್ಲಿ ತಗೊಂಡು ಬೆನ್ನತ್ತಿದಾಗ ಮಗಳನ್ನ ಎತ್ಕೊಂಡು ಊರೆಲ್ಲಾ ಬಾಗಿಲಾ ಬಡದೆ. ಯಾರೂ ತೆರೀಲಿಲ್ಲ. ನೀವೂ ತೆರೀಲಿಲ್ಲ! ಇಲ್ಲಿಗಿ ಓಡಿ ಬಂದೆ. ಈ ಕಣ್ಣು ನೋಡಿ ಅಂವ ಹೊಸ್ತಿಲಾ ದಾಟಲಿಲ್ಲ. ಮಕ್ಕಳ ಮ್ಯಾಲ ಕೊಡ್ಲಿ ಎತ್ತಿದವ್ರ ಮುಂದ ತಾಯಿ ನಗಬೇಕೇನ್ರಿ?"

ಬಸವಂತರಾಯರು ಕೆಲಸ ಶುರು ಮಾಡು ಎಂದು ಪೇಂಟರಿಗೆ ಸನ್ನೆ ಮಾಡಿದರು. ಪೀರಮ್ಮ ಗರ್ಭಗುಡಿಯ ಬಾಗಿಲಿಗೆ ಅಡ್ಡ ಕುಳಿತಳು. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ಒಬ್ಬೊಬ್ಬರಾಗಿ ಅವಳ ಪಕ್ಕ ಕುಳಿತರು. ಮಧ್ಯಾಹ್ನ ಬಸವಂತರಾಯರ ಹೆಂಡತಿ ಉಮಾದೇವಿಯೂ ಬಂದು ಅವರ ನಡುವೆ ಕುಳಿತಾಗ, ರಾಯರು ತಲೆ ತಗ್ಗಿಸಿ ಪೇಂಟರನ್ನು ವಾಪಸು ಕಳಿಸಿದರು.

ಹೆಂಗಸರು ನಗುತ್ತ ಎದ್ದರು. ಪೀರಮ್ಮನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.