ಔಷಧಿ ಹಾಕದ ಬಟ್ಟಲುಗಳು

ನಮ್ಮ ಮನೆಯಲ್ಲಿ ಜೋಕು ಹೇಳುವ ಹಾಗಿಲ್ಲ. ಅಕ್ಕನ ಮಗಳು ನಕ್ಕರೆ ಮಂಡಿ ಕುಸಿದು ಬೀಳುತ್ತಾಳೆ. ಮೊದಲೆಲ್ಲ ಬಾಯಿ ಮುಚ್ಚದೆ ಕೊರೆಯುತ್ತಿದ್ದಳೆಂದು ನಾನೇ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದೆ. ಈಗ ಮಾತು ತೊದಲುತ್ತದೆ, ಕುಡಿದ ನೀರು ನೆತ್ತಿಗೇರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಕಾಯಿಲೆ; ಜೀವಕೋಶದೊಳಗಿನ ಕೊಬ್ಬು ಹೊರಗೆ ಹೋಗಲಾರದೆ ಅಲ್ಲೇ ತುಂಬಿಕೊಳ್ಳುತ್ತದೆ. ಅದಕ್ಕೆ ಔಷಧಿ ಹುಡುಕುವುದೇ ನನ್ನ ಕೆಲಸ.

ಇವತ್ತು ಲ್ಯಾಬಿನಲ್ಲಿ ಗುಟ್ಟು ಬಿಚ್ಚುವ ದಿನ. ಪಿಟೀಲಿನ ಚರ್ಮದಿಂದ ಬೆಳೆಸಿದ ಕೋಶಗಳಿದ್ದ ಬಟ್ಟಲುಗಳಲ್ಲಿ ಅರ್ಧಕ್ಕೆ ಔಷಧಿ, ಉಳಿದವಕ್ಕೆ ಔಷಧಿ ಕರಗಿಸುವ ದ್ರಾವಕ ಮಾತ್ರ. ಯಾವುದಕ್ಕೆ ಏನು ಹಾಕಿದ್ದೆಂದು ಪರೀಕ್ಷೆ ಮುಗಿಯುವವರೆಗೆ ನಮಗೂ ತಿಳಿಯಬಾರದು. ಇವತ್ತು ತಿಳಿಯಿತು. ಎಲ್ಲ ಬಟ್ಟಲುಗಳಲ್ಲೂ ಕೊಬ್ಬು ಇಳಿದಿತ್ತು!

"ನಮ್ಮ ಔಷಧಿ ದಂಡ ಕಣಮ್ಮ" ಎಂದು ಪ್ರೊಫೆಸರ್ ತಲೆಯ ಮೇಲೆ ಕೈ ಹೊತ್ತು ಹೊರನಡೆದರು. ಎಲ್ಲ ಬಟ್ಟಲುಗಳಲ್ಲೂ ಇದ್ದದ್ದು ದ್ರಾವಕ; ಕೆಲಸ ಮಾಡಿದ್ದೂ ಅದೇ. ಶೆಲ್ಫಿನಲ್ಲಿ ದಿನಾ ಕೈಗೆ ತಗಲುವ ಮಾಮೂಲಿ ಆಲ್ಕೋಹಾಲ್. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮಂಥವರನ್ನು ನೋಡಿಯೇ ಇರಬೇಕು.

ರಕ್ತ ಪರೀಕ್ಷೆಗೆ ಪಿಟೀಲನ್ನು ಕರೆತಂದಿದ್ದ ಅಕ್ಕ ಬಾಗಿಲ ಬಳಿ ನಿಂತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಎಲ್ಲ ಹೇಳಿಬಿಟ್ಟೆ.

"ಆ ಬಾಟ್ಲಿ ಯಾವ್ದೇ?"

ನನ್ನ ಕಣ್ಣು ಶೆಲ್ಫಿನ ಕಡೆ ಹೋಯಿತು. ಅಷ್ಟು ಸಾಕಾಯಿತು ಅವಳಿಗೆ. ಒಳಗೆ ನುಗ್ಗಿ ಬಾಟಲಿ ಎತ್ತಿಕೊಂಡು, ಚೀಲದಿಂದ ಮಗಳ ಚಮಚ ತೆಗೆದಳು.

"ಅಕ್ಕಾ, ಇಡು ಕೆಳಗೆ! ಬಟ್ಟಲಲ್ಲಿ ಆಗಿದ್ದು ಮೈಯಲ್ಲಿ ಆಗ್ಬೇಕು ಅಂತೇನಿಲ್ಲ. ಜಾಸ್ತಿ ಆದ್ರೆ ರಕ್ತ ಕೆಡುತ್ತೆ, ಉಸಿರೇ ನಿಂತ್ಹೋಗ್ಬಹುದು."

"ಎಷ್ಟು ಕೊಡ್ಬೇಕು, ಹೇಳು."

"ಗೊತ್ತಿಲ್ಲ. ಗೊತ್ತಾಗೋಕೆ ವರ್ಷಗಳೇ ಬೇಕು."

"ಅಷ್ಟು ದಿನ ಇವ್ಳು ಇರ್ತಾಳೇನೇ?"

ಮುಚ್ಚಳ ತಿರುಗುವ ಸದ್ದು ಕೇಳಿತು. ಅವಳ ಮಣಿಕಟ್ಟು ಹಿಡಿದೆ. ಅವಳು ನನ್ನ ಜಡೆ ಹಿಡಿದಳು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ. ನಾನು ಅವಳ ಕೈ ಕಚ್ಚಿದೆ. ನನಗೆ ಅವಳ ಮೇಲೆ ಕೊಲ್ಲುವಷ್ಟು ಸಿಟ್ಟು ಬಂದಿತ್ತು, ಅವಳು ಕೇಳುತ್ತಿದ್ದುದರಲ್ಲಿ ತಪ್ಪೇ ಇರಲಿಲ್ಲ.

"ಚಿಕ್ಕಿ... ಅಮ್ಮನ್ನ... ಕಚ್ಚಿದ್ಲು!"

ಬಾಗಿಲಲ್ಲಿ ನಿಂತಿದ್ದ ಪಿಟೀಲು ಕಿಸಕ್ಕೆಂದಳು. ಆಮೇಲೆ ತಡೆಯಲಾರದೆ ನಕ್ಕೇಬಿಟ್ಟಳು. ಮಂಡಿಗಳು ಮಡಿಚಿಕೊಂಡವು.

ಇಬ್ಬರೂ ಓಡಿದೆವು. ಅವಳ ತಲೆ ನೆಲಕ್ಕೆ ಬಡಿಯುವ ಮೊದಲೇ ನಮ್ಮ ನಾಲ್ಕು ಕೈಗಳೂ ಅದರಡಿ ಇದ್ದವು. ಹಿಂದೆ ಬಾಟಲಿ ಬಿದ್ದು ಒಡೆಯಿತು. ಯಾರೂ ತಿರುಗಿ ನೋಡಲಿಲ್ಲ.

ಮಗು ಸುಧಾರಿಸಿಕೊಂಡ ಮೇಲೆ ಅಕ್ಕ ದ್ರಾವಕ ಚೆಲ್ಲಿ ಒದ್ದೆಯಾಗಿದ್ದ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಆ ಬೆರಳು ಮಗಳ ತುಟಿಗೆ ಒಂದು ಗೇಣು ದೂರದಲ್ಲಿತ್ತು.

ಅವಳು ಎದ್ದು ನಲ್ಲಿಯ ಬಳಿ ಹೋದಳು. ಸೋಪು ಹಚ್ಚಿ, ಉಗುರಿನ ಸಂದುಗಳನ್ನೂ ಬಿಡದೆ ತೊಳೆದಳು.

"ಬೇಗ ಕಂಡ್ಹಿಡಿಯೇ" ಎಂದಳು, ನನ್ನ ಕಡೆ ತಿರುಗದೆ.