ಕೊನೆಗೆ ಉಳಿದ ಹೆಸರು

ಹಾಜರಿ ರೂಲಾನಳ ಹೆಸರನ್ನು ದಾಟಿ ಮುಂದೆ ಹೋಯಿತು. ಮಗಳ ಬೆಂಚಿನಲ್ಲಿ ಮೊಣಕಾಲು ಮುದುಡಿ ಕೂತಿದ್ದ ಪೇಯಿಂಗ್, ಓಗೊಡಲು ತೆರೆದ ಬಾಯಿ ಮುಚ್ಚಿಕೊಂಡಳು. ಹೊಸ ಶಾಲೆಯ ಮೊದಲ ಪಾಲಕರ ಸಭೆ. ಅಪ್ಪ ಅಮ್ಮಂದಿರು ಮಕ್ಕಳ ಜಾಗದಲ್ಲೇ ಕೂತು ಮಕ್ಕಳ ಹೆಸರಿಗೇ ಓಗೊಡಬೇಕು. ಸರದಿಯಲ್ಲಿ ಅವಳ ಹಿಂದೆ ಕೂತಿದ್ದ ದಪ್ಪ ಮನುಷ್ಯ ಆಗಲೇ ಓಗೊಟ್ಟಾಗಿತ್ತು.

ಈ ಉಪಾಯ ಅವಳಿಗೆ ಗೊತ್ತಿದ್ದದ್ದೇ. ಹೇಗೆ ಓದಬೇಕೆಂದು ತಿಳಿಯದ ಅಕ್ಷರ ಬಂದರೆ ಮೇಷ್ಟ್ರುಗಳು ಸದ್ದಿಲ್ಲದೆ ಹಾರಿಸಿ, ಕೊನೆಗೆ "ಯಾರ ಹೆಸರು ಉಳೀತು?" ಎನ್ನುತ್ತಾರೆ. ಉತ್ತರ ಚೀನಾದ ಶಾನ್‌ದೋಂಗಿನ ತಮ್ಮ ಊರಲ್ಲಿ ಈ ತಾಪತ್ರಯವಿರಲಿಲ್ಲ. ರೂಲಾನಳ ಹೆಸರಿನ ಮುಂದೆ ಬರುವ 'ಗೆ' ಮನೆತನ ಅಲ್ಲಿ ಬೀದಿಗೊಂದು. ಈ ದಕ್ಷಿಣದ ಊರಲ್ಲಿ ಅದೇ ಅಕ್ಷರವನ್ನು ಎಲ್ಲರೂ 'ಗೈ' ಎಂದು ಓದುತ್ತಾರೆ. ಗೈ ಎಂದರೆ ಮುಚ್ಚಳ. ಹಿಂದಿನ ಶಾಲೆಯ ಹುಡುಗರು ರೂಲಾನಳನ್ನು ಕರೆಯುತ್ತಿದ್ದದ್ದೇ "ಏ ಮುಚ್ಚಳ" ಎಂದು. ಅವಳ ಅಪ್ಪನಿಗೆ ಮಾತ್ರ ಅದೊಂದು ತಮಾಷೆ. ಆವಿಪಾತ್ರೆಯ ಮುಚ್ಚಳ ತಲೆಯ ಮೇಲಿಟ್ಟುಕೊಂಡು, "ನಮ್ಮ ವಂಶದ ಕಿರೀಟ ನೋಡೇ" ಎನ್ನುತ್ತಿದ್ದ.

ಅವನು ತೀರಿಕೊಂಡು ಎರಡು ವರ್ಷ.

"ನಿನ್ನ ಮನೆತನದ ಹೆಸರನ್ನೇ ಹಾಕಿಸಿಬಿಡಮ್ಮ," ಎಂದಿದ್ದಳು ಬೆಳಿಗ್ಗೆ ಮಗಳು, ಜಡೆ ಹಾಕಿಸಿಕೊಳ್ಳುತ್ತ. "ಸುನ್ ಅಂದ್ರೆ ಯಾರೂ ಎಡವಲ್ಲ. ಈ ಟೀಚರೂ ಹಾಗೇ ಮಾಡಿದ್ರೆ ಹಾಕಿಸ್ತೀಯ ತಾನೆ?"

ಪೇಯಿಂಗ್ ಹೂಂ ಎಂದುಬಿಟ್ಟಿದ್ದಳು. ಈಗ ಮಗಳು ಹೊರಗಿನಿಂದ ಕಿಟಕಿಗೆ ಮೂಗೊತ್ತಿ ನಿಂತಿದ್ದಳು.

ಹಾಜರಿ ಮುಗಿಸಿದ ಚೂ ಟೀಚರ್ ಬೋರ್ಡಿನ ಮೇಲೆ ಆ ಅಕ್ಷರವನ್ನು ದೊಡ್ಡದಾಗಿ ಬರೆದರು.

"ಒಂದು ಹೆಸರು ಬೇಕಂತಲೇ ಬಿಟ್ಟಿದೀನಿ. ಯಾರದು ಉಳೀತು ಅಂತ ಕೇಳಿ ಜಾರ್ಕೋಬಹುದಿತ್ತು. ನಮ್ಮೋರೆಲ್ಲ ಮಾಡೋದೇ ಅದು."

ಪಾಲಕರು ನಕ್ಕರು.

"ಇದಕ್ಕೆ ಎರಡು ದನಿ. ಮುಚ್ಚಳವಾಗಿ ಪಾತ್ರೆ ಪಕ್ಕ ನಿಂತ್ರೆ ಒಂದು, ಮನೆತನದ ಹೆಸರಾಗಿ ನಿಂತ್ರೆ ಇನ್ನೊಂದು. ಕೆಲವು ಮನೆಗಳಲ್ಲಿ ಹೆಸರಿಗೂ ಮೊದಲನೇದೇ ಅಂತೆ. ನಿಘಂಟಿಗೆ ಈ ಮನೆ ಗೊತ್ತಿಲ್ಲ. ಮನೆಯವರೇ ಕಲಿಸ್ಬೇಕು."

"ಹೇಳಿ ಅಕ್ಕಾ," ಎಂದ ಹಿಂದಿನ ದಪ್ಪ ಮನುಷ್ಯ. "ಈ ಬೆಂಚಿಗೆ ಬಂದ್ಮೇಲೆ ನಾನೂ ಏನಾದ್ರೂ ಕಲೀಬೇಡ್ವಾ?"

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೆಲ್ಲೂ 'ಗೈ' ಎಂದು ಕರೆದಾಗ ಸುಮ್ಮನೆ ತಲೆಯಾಡಿಸಿ ಬಂದವಳು ಪೇಯಿಂಗ್. ಎದ್ದು ನಿಂತಳು. ಮೊಣಕಾಲು ಡೆಸ್ಕಿಗೆ ಬಡಿಯಿತು.

"ಗೆ," ಎಂದಳು, ಗಂಡ ಹೇಳುತ್ತಿದ್ದಂತೆಯೇ, ಬಾವಿಗಿಳಿದು ಮೇಲೆ ಬರುವ ಕೊಡದ ಹಾಗೆ ದನಿಯನ್ನು ಇಳಿಸಿ ಎತ್ತಿ.

ಟೀಚರ್ ಹೇಳಿನೋಡಿದರು.

"ಇನ್ನೂ ಸ್ವಲ್ಪ ಕೆಳಗಿಳೀಬೇಕು, ಟೀಚರ್." ತನ್ನ ಬಾಯಿಂದ ಆ ಮಾತು ಬಂದದ್ದು ಪೇಯಿಂಗಳಿಗೇ ಅಚ್ಚರಿ.

ಟೀಚರ್ ಬೇಸರಿಸಲಿಲ್ಲ. ಪಾಠ ಒಪ್ಪಿಸುವ ಹುಡುಗಿಯಂತೆ ಮತ್ತೆ ಹೇಳಿದರು, ಮತ್ತೆ ಹೇಳಿದರು. ನಾಲಿಗೆಗೆ ಸರಿಯಾಗಿ ಕೂತ ಮೇಲೆ ಕಿಟಕಿಯತ್ತ ತಿರುಗಿ ಕೂಗಿದರು. "ಗೆ ರೂಲಾನ್!"

ಗಾಜಿನ ಆಚೆ ಮೂಗು ಹಿಂದೆ ಸರಿಯಿತು. ಆಮೇಲೆ, "ಬಂದಿದೀನಿ!"

ಸಂಜೆ ಪೇಯಿಂಗ್ ಬೆಳಗಿನ ಮಾತನ್ನು ಎತ್ತಲಿಲ್ಲ, ಮಗಳೂ ಎತ್ತಲಿಲ್ಲ. ಒಲೆಯ ಮೇಲೆ ಆವಿಪಾತ್ರೆಯಲ್ಲಿ ಹಿಟ್ಟಿನುಂಡೆಗಳು ಬೇಯುತ್ತಿದ್ದವು.

"ಬೆಂದಿದ್ಯಾ ನೋಡೇ," ಎಂದಳು ಪೇಯಿಂಗ್, ಈರುಳ್ಳಿಸೊಪ್ಪು ಹೆಚ್ಚುತ್ತ.

ಹೆಚ್ಚಿ ಮುಗಿಸಿ ತಿರುಗಿದಳು. ರೂಲಾನ್ ಆವಿಯ ಮಧ್ಯೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು, ತಲೆಯ ಮೇಲೆ ಮುಚ್ಚಳ. ಅದರ ಅಂಚಿನಿಂದ ಬಿಸಿನೀರು ಹನಿಹನಿಯಾಗಿ ಅವಳ ಹೆಗಲಿಗೆ ತೊಟ್ಟಿಕ್ಕುತ್ತಿತ್ತು.