ಹೇಗಿದ್ದೀಯ ಎಂದು ಕೇಳದ ಮನೆ

ಪ್ರಶ್ನೆ ಕೇಳುವುದೇ ನನ್ನ ಹೊಟ್ಟೆಪಾಡು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎರಡೂ ಪಕ್ಕ ಬೂದು ಬಣ್ಣದ ತಡಿಕೆಯಿರುವ ಮೇಜಿನ ಮುಂದೆ ಕೂತು, ಮುಖ ಕಾಣದ ಜನಕ್ಕೆ ಫೋನು ಮಾಡಿ ಕೇಳುತ್ತೇನೆ. ಯಾವ ಸೋಪು ಬಳಸುತ್ತೀರಿ, ನಿಮ್ಮ ಬ್ಯಾಂಕಿನವರು ಮುಖ ಕೊಟ್ಟು ಮಾತಾಡುತ್ತಾರಾ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದಾ. ಅರ್ಧ ಜನ ಬೈದು ಫೋನು ಇಡುತ್ತಾರೆ. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳುವವಳಲ್ಲ; ತಿರುಗಿ ಬೈಯುವ ಹಾಗಿಲ್ಲವಲ್ಲ ಎನ್ನುವುದೊಂದೇ ಸಂಕಟ. ಹೊಸದಾಗಿ ಬರುವ ಹುಡುಗಿಯರಿಗೆ ಕೆಲಸ ಕಲಿಸುವವಳೂ ನಾನೇ. ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಓದಬೇಕು. ಉತ್ತರವನ್ನು ಅವರ ಬಾಯಿಗೆ ಹಾಕಬಾರದು. ಅವರು ಸುಮ್ಮನಾದರೆ ನೀವೂ ಸುಮ್ಮನಿರಬೇಕು. ಪಕ್ಕದಲ್ಲಿ ನಿಂತವರು ಏನೇ ಕೂಗಿಕೊಳ್ಳಲಿ, ಫೋನು ಹಿಡಿದವರು ಹೇಳಿದ್ದೇ ಉತ್ತರ.

ಒಂದು ವರ್ಷ ನಮ್ಮ ಆಫೀಸಿಗೆ ಒಂದು ಆಸ್ಪತ್ರೆಯ ಸಂಶೋಧನೆಯ ಕೆಲಸ ಬಂತು. ವರ್ಷಗಟ್ಟಲೆ ಸುಸ್ತು ಬಿಡದೆ ಹಾಸಿಗೆ ಹಿಡಿದವರಿಗೆ ಮನಸ್ಸನ್ನೂ ಮೈಯನ್ನೂ ಒಟ್ಟಿಗೆ ಪಳಗಿಸುವ ಒಂದು ತರಬೇತಿ. ಅರ್ಧ ಜನಕ್ಕೆ ಅದನ್ನು ಕೊಡುವುದು, ಇನ್ನರ್ಧ ಜನರನ್ನು ಕಾಯಿಸುವುದು, ಆಮೇಲೆ ಎರಡೂ ಗುಂಪಿಗೆ ಒಂದೇ ಪ್ರಶ್ನೆ ಕೇಳಿ ತೂಗಿ ನೋಡುವುದು. ಯಾರು ಯಾವ ಗುಂಪಿನವರೆಂದು ನಮಗೆ ಹೇಳುತ್ತಿರಲಿಲ್ಲ. ಹೇಳುವುದೇನು ಬಂತು, ಎರಡೇ ದಿನದಲ್ಲಿ ನನಗೆ ಗೊತ್ತಾಗಿಹೋಯಿತು. ಕಾಯುತ್ತಿದ್ದವರು ಯೋಚಿಸಿ, ತಡವರಿಸಿ, "ಮೆಟ್ಟಿಲಾ? ಹತ್ತಬಹುದು. ಆದ್ರೆ ಮಾರನೇ ದಿನ ಏಳೋಕಾಗಲ್ಲ, ಅದನ್ನ ಎಲ್ಲಿ ಬರ್ಕೋತೀರ?" ಎಂದು ನನ್ನನ್ನೇ ಕೇಳುತ್ತಿದ್ದರು. ತರಬೇತಿ ಆದವರು ಪ್ರಶ್ನೆ ಮುಗಿಯುವ ಮೊದಲೇ "ಏನೂ ತೊಂದ್ರೆ ಇಲ್ಲ" ಎನ್ನುತ್ತಿದ್ದರು, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ.

ಒಬ್ಬ ಬಡಗಿ ಎಲ್ಲ ಪ್ರಶ್ನೆಗೂ "ಫಸ್ಟ್ ಕ್ಲಾಸ್" ಎಂದ. ಕೊನೆಗೆ ಫೋನು ಅವನ ತಾಯಿಯ ಕೈಗೆ ಹೋಯಿತು. "ಮುಗೀತೇನಮ್ಮ ನಿಮ್ದು? ಅವನನ್ನ ಮಗ್ಗುಲು ಬದಲಾಯಿಸಿ ಮಲಗಿಸ್ಬೇಕು, ಇಡ್ತೀನಿ" ಎಂದಳು ಆಕೆ. ನಾನು ಹೆಡ್‌ಫೋನ್ ಕಿತ್ತಿಟ್ಟು ಸೂಪರ್‌ವೈಸರ್ ಹತ್ತಿರ ಹೋದೆ. ಅವನು ಒಳ್ಳೆಯ ಮನುಷ್ಯ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಬಡಗಿ ಏನಂದ?"

"ಫಸ್ಟ್ ಕ್ಲಾಸ್ ಅಂದ."

"ಅದನ್ನೇ ಹಾಕಿ. ಎಲ್ಲರ ತಾಯಂದಿರನ್ನೂ ಕೇಳ್ತಾ ಕೂತ್ರೆ ಯಾವ ಲೆಕ್ಕ ಮುಗಿಯುತ್ತೆ?"

ಹಲ್ಲು ಕಚ್ಚಿಕೊಂಡು ಅದನ್ನೇ ಹಾಕಿದೆ.

ಇದು ಪರರ ಮನೆಯ ಮಾತಾಗಿದ್ದರೆ ಅಲ್ಲಿಗೆ ಮರೆತುಬಿಡುತ್ತಿದ್ದೆನೋ ಏನೋ. ನನ್ನ ಅಕ್ಕನಿಗೂ ಅದೇ ಕಾಯಿಲೆ. ಅಕ್ಕ ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ಕೂಡಿಸುತ್ತಾಳೆ. "ಈ ಊರಲ್ಲಿ ವಯಸ್ಸಾದೋರು ನಗೋದೆಲ್ಲ ನನ್ನ ದಯದಿಂದ" ಎಂದು ಜಂಬ ಕೊಚ್ಚುತ್ತಿದ್ದಳು. ಒಂದು ಜ್ವರ ಬಂದು ಹೋಯಿತು, ಅದರ ಹಿಂದೆ ಬಂದ ಸುಸ್ತು ಮಾತ್ರ ಹೋಗಲಿಲ್ಲ. ರಕ್ತ ಪರೀಕ್ಷೆ ಮಾಡಿದವರೆಲ್ಲ ಏನೂ ಇಲ್ಲ ಎಂದರು. ತಲೆಗೆ ನೀರು ಹಾಕಿಕೊಂಡರೆ ಮರುದಿನವೆಲ್ಲ ಮಲಗಬೇಕು, ನೆಂಟರು ಬಂದು ಒಂದು ಗಂಟೆ ಹರಟಿದರೆ ವಾರವೇ ಹಾಳು. ಆದರೂ ಅಕ್ಕ ತನ್ನ ಮೈಯ ಅಳತೆ ತಿಳಿದುಕೊಂಡಿದ್ದಳು. ಇಷ್ಟು ಕೆಲಸ, ಇಷ್ಟು ಮಲಗುವುದು ಎಂದು ತೂಗಿಸಿಕೊಂಡು, ಬೆಳಗಿನ ಹೊತ್ತು ಹಲ್ಲಿನ ಲ್ಯಾಬಿಗೆ ಹೋಗಿಬರುತ್ತಿದ್ದಳು. ಅರ್ಧ ಬದುಕಾದರೂ ಕೈಯಲ್ಲಿತ್ತು.

ಬಾವ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವರು. ಅಂಕಿ ಕಂಡರೆ ನಂಬುವ ಜಾತಿ. ಅಕ್ಕನ ಮೇಲೆ ಪ್ರಾಣ ಇಟ್ಟುಕೊಂಡವರು, ಅದರಲ್ಲಿ ಎರಡು ಮಾತಿಲ್ಲ. ಸಂಶೋಧನೆಯ ಮೊದಲ ಸುತ್ತಿನ ಫಲಿತಾಂಶ ಪತ್ರಿಕೆಯಲ್ಲಿ ಬಂದಾಗ ಅದನ್ನು ಕತ್ತರಿಸಿ ತಂದು ಊಟದ ಮೇಜಿನ ಮೇಲೆ ಹರಡಿದರು. ತರಬೇತಿ ಪಡೆದವರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದಾರೆ ಎಂದು ಅದರಲ್ಲಿತ್ತು.

"ಆ ಉತ್ತರ ಕೇಳಿಸ್ಕೊಂಡಿದ್ದೇ ಈ ಕಿವಿ ಬಾವ" ಎಂದೆ. "ಮಗ್ಗುಲು ಬದಲಾಯಿಸೋಕಾಗದವನು ಮೆಟ್ಟಿಲು ಹತ್ತುತ್ತೀನಿ ಅಂದ. ಚೆನ್ನಾಗಿದ್ದೀನಿ ಅಂತ ಹೇಳೋದನ್ನೇ ಕಲಿಸಿ, ಆಮೇಲೆ ಹೇಗಿದ್ದೀರ ಅಂತ ಕೇಳಿದ್ರೆ ಇನ್ನೇನು ಅಂತಾರೆ?"

"ನೀನು ಕೇಳಿದ್ದು ಒಬ್ಬನ ಮಾತು. ಇದು ಅಷ್ಟೂ ಜನರ ಲೆಕ್ಕ" ಎಂದರು ಬಾವ.

"ಅಷ್ಟೂ ಜನರನ್ನ ಕೇಳಿದ್ದು ಅದೇ ಪ್ರಶ್ನೆ."

"ಎಲ್ಲದ್ರಲ್ಲೂ ಹುಳುಕು ಹುಡುಕೋದು ನಿನ್ನ ಹುಟ್ಟುಗುಣ."

ಅಕ್ಕ ಅಷ್ಟು ಹೊತ್ತೂ ಆ ತುಂಡು ಕಾಗದವನ್ನೇ ನೋಡುತ್ತಿದ್ದಳು. "ಅರ್ಧ ದಿನ ಬದುಕಿ ಅರ್ಧ ದಿನ ಹೆಣದ ಹಾಗೆ ಬಿದ್ದಿರೋದು ನಾನು, ನೀವಿಬ್ಬರೂ ಅಲ್ಲ" ಎಂದಳು. "ಹೋಗಿ ನೋಡ್ತೀನಿ."

ಎರಡನೇ ಸುತ್ತಿಗೆ ಅಕ್ಕ ಹೆಸರು ಕೊಟ್ಟಳು, ತರಬೇತಿಯ ಗುಂಪೇ ಸಿಕ್ಕಿತು. ಗುರುತಿನವರಿಗೆ ನಾವು ಫೋನು ಮಾಡುವ ಹಾಗಿಲ್ಲ. ಅವಳ ನಂಬರು ನನ್ನ ಪಕ್ಕದ ಮೇಜಿನ ಸೋಡಾಬುಡ್ಡಿ ಹುಡುಗಿಗೆ ಹೋಯಿತು. ದಪ್ಪ ಕನ್ನಡಕದ ಆ ಹುಡುಗಿಗೆ ಕೆಲಸ ಕಲಿಸಿದವಳು ನಾನು.

ತರಬೇತಿ ಕೊಡುವವಳು ತಾನೂ ಹಿಂದೆ ಅದೇ ಕಾಯಿಲೆಯಿಂದ ಮಲಗಿದ್ದವಳಂತೆ, ಎದ್ದವಳಂತೆ. ಮೆತ್ತನೆಯ ದನಿ. ಅವಳನ್ನು ಮೋಸಗಾತಿ ಎಂದು ನಾನು ಹೇಳಲಾರೆ. ಮೋಸ ಮಾಡುವವರಿಗೆ ಅಷ್ಟು ನಂಬಿಕೆ ಇರುವುದಿಲ್ಲ. ಅವಳು ಕಲಿಸಿದ್ದು ಇಷ್ಟು: ಮೈ ಕೊಡುವ ಸೂಚನೆ ಸುಳ್ಳು ಗಂಟೆ. ಅದು ಬಾರಿಸಿದಾಗ ಎದ್ದು ನಿಂತು, ಅಂಗೈ ಮುಂದೆ ಚಾಚಿ ಸಾಕು ಎನ್ನಬೇಕು, ಚೆನ್ನಾಗಿದ್ದ ದಿನವೊಂದನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಸುಸ್ತು, ನೋವು ಎಂಬ ಮಾತು ಬಾಯಲ್ಲಿ ಬಂದರೆ ಕಾಯಿಲೆಗೆ ಅನ್ನ ಹಾಕಿದ ಹಾಗೆ. ಮನೆಯವರು ಹೇಗಿದ್ದೀಯ ಎಂದು ಕೇಳಕೂಡದು. ಬಾವ ಅವತ್ತೇ ಕೇಳುವುದನ್ನು ಬಿಟ್ಟರು. ಬೆಳಗ್ಗೆ ಎದ್ದ ಕೂಡಲೇ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು "ಇವತ್ತು ಬಿಸಿಲು ಚೆನ್ನಾಗಿದೆ" ಎನ್ನುತ್ತಿದ್ದರು, ಮೋಡ ಕವಿದಿದ್ದರೂ.

ಮೊದಲ ಹದಿನೈದು ದಿನ ಅಕ್ಕ ಎದ್ದು ಓಡಾಡಿದಳು. ಬಟ್ಟೆ ಒಣಹಾಕಿದಳು, ಸಂಜೆಯೂ ಲ್ಯಾಬಿಗೆ ಹೋದಳು, ನನ್ನ ಅಡಿಗೆಯನ್ನು ಮೊದಲಿನಂತೆ ಆಡಿಕೊಂಡಳು. ನನಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ನನ್ನ ಮಾತು ಸುಳ್ಳಾಗಲಿ, ನಾಲ್ಕು ಜನರ ಮುಂದೆ ನನ್ನ ಮೂಗು ಕೊಯ್ಯಲಿ, ಇವಳು ಹೀಗೇ ಇರಲಿ ಎಂದು ಬೇಡಿಕೊಂಡೆ.

ಆಮೇಲೆ ಒಂದು ಮಧ್ಯಾಹ್ನ ಲ್ಯಾಬಿನ ಮಾಲೀಕರು ನನ್ನನ್ನು ಕರೆಸಿಕೊಂಡರು. ಗೋಡೆ, ನೆಲ, ಕುರ್ಚಿ ಎಲ್ಲದರ ಮೇಲೂ ಬಿಳಿ ಪುಡಿ ಕೂತ ಉದ್ದನೆಯ ಕೋಣೆ. ಆ ಮುದುಕರು ಅಕ್ಕ ಮಾಡಿದ ಒಂದು ಸೆಟ್ಟು ತೆಗೆದು ನನ್ನ ಕೈಗಿಟ್ಟರು. ಮುಂದಿನ ಹಲ್ಲುಗಳು ಒಂದೊಂದು ಒಂದೊಂದು ದಿಕ್ಕು ನೋಡುತ್ತಿದ್ದವು.

"ನಿಮ್ಮಕ್ಕನ ಕೈ ನಡುಗುತ್ತೆ ಕಣಮ್ಮ" ಎಂದರು. "ಕೇಳಿದ್ರೆ ನಗ್ತಾಳೆ. ಆಗಾಗ ಎದ್ದು ಕೈ ಮುಂದೆ ಚಾಚಿ ನಿಂತ್ಕೋತಾಳೆ. ಬೀಳ್ತಾಳೇನೋ ಅಂತ ನಾನು ಹಿಂದೆ ಹೋಗಿ ನಿಲ್ತೀನಿ."

ಒಳಗೆ ಅಕ್ಕ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಮೇಣ ಕಾಯಿಸುವ ಬುಡ್ಡಿ ದೀಪದ ಬೆಳಕಲ್ಲಿ ಅವಳ ಮುಖ ಅವಳು ಕಲಸುವ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು. ನನಗೆ ತಡೆಯಲಾಗಲಿಲ್ಲ, "ಹೇಗಿದ್ದೀಯೆ?" ಎಂದೆ. ಅವಳು ಅಂಗೈ ಎತ್ತಿ ನನ್ನ ಮುಖಕ್ಕೆ ಅಡ್ಡ ಹಿಡಿದು "ಚೆನ್ನಾಗಿದ್ದೀನಿ" ಎಂದಳು. ಸಂಜೆ ನಾನೇ ಅವಳನ್ನು ಕರೆದುಕೊಂಡು ಹೋದೆ; ಎರಡನೇ ಮಹಡಿಯ ತಮ್ಮ ಮನೆಗೆ ಅಕ್ಕ ಮೆಟ್ಟಿಲ ಮೇಲೆ ಕೂತು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಜರುಗಿದಳು. ನಡುವೆ ಯಾರೋ ಇಳಿದು ಬಂದರು. ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ನಟಿಸಿದಳು.

ಸಂಶೋಧನೆಗೆ ಒಂದು ನಿಯಮವಿತ್ತು. ಮೂರು ತಿಂಗಳಿಗೆ ಬರುವ ಫೋನಿನಲ್ಲಿ ಉತ್ತರಗಳ ಅಂಕ ಇಳಿದಿದ್ದರೆ ಆಸ್ಪತ್ರೆಯವರು ತರಬೇತಿ ನಿಲ್ಲಿಸಿ, ಕರೆಸಿ ನೋಡುತ್ತಾರೆ, ರಜೆಗೆ ಬರೆದುಕೊಡುತ್ತಾರೆ. ಏರಿದ್ದರೆ ಎರಡನೇ ಹಂತ: ದಿನವಿಡೀ ಕೆಲಸ, ಸಂಜೆ ನಡಿಗೆ, ಹಗಲು ಮಲಗುವಂತಿಲ್ಲ. ಆ ಎರಡನೇ ಹಂತ ಅಕ್ಕನನ್ನು ಮುಗಿಸುತ್ತದೆ ಎನ್ನಲು ನನಗೆ ಯಾವ ಡಾಕ್ಟರೂ ಬೇಕಿರಲಿಲ್ಲ. ಫೋನು ಬರುವ ದಿನ ರಜೆ ಹಾಕಿ ಅವಳ ಪಕ್ಕ ಹೋಗಿ ಕೂತೆ.

"ಇದ್ದದ್ದು ಇದ್ದ ಹಾಗೆ ಹೇಳು. ಅಷ್ಟೇ ಸಾಕು. ನಿನ್ನ ಕಾಲಿಗೆ ಬೀಳ್ತೀನಿ" ಎಂದೆ.

"ಹೇಳ್ತೀನಿ ಬಿಡೆ" ಎಂದಳು ಅಕ್ಕ. ಅವಳ ದನಿ ಸೋತಿತ್ತು, ಅದಕ್ಕೇ ನಂಬಿದೆ.

ಫೋನು ಬಂತು. ದಿಂಬಿಗೆ ಒರಗಿಕೊಂಡಿದ್ದ ಅಕ್ಕ ಅದನ್ನು ಎತ್ತಿ ಹಿಡಿಯಲಾಗದೆ ಎದೆಯ ಮೇಲಿಟ್ಟು ಸ್ಪೀಕರ್ ಒತ್ತಿದಳು. ಬಾವ ಬಾಗಿಲಲ್ಲಿ ಬಂದು ನಿಂತರು. ಸೋಡಾಬುಡ್ಡಿ ಹುಡುಗಿಯ ದನಿ ಸ್ಪಷ್ಟವಾಗಿತ್ತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಕಳೆದ ಒಂದು ವಾರದಲ್ಲಿ ಮೆಟ್ಟಿಲು ಹತ್ತುವುದು ನಿಮಗೆ ಎಷ್ಟು ಕಷ್ಟವಾಯಿತು?"

ಅಕ್ಕ ಸುಮ್ಮನಿದ್ದಳು. ಹುಡುಗಿಯೂ ಸುಮ್ಮನಿದ್ದಳು. ಅಂಥ ಮೌನದಲ್ಲಿ ಜನ ನಿಜ ಹೇಳುತ್ತಾರೆ, ನಾನು ಎಷ್ಟೋ ಸಲ ಕಂಡಿದ್ದೇನೆ. ಅಕ್ಕನ ತುಟಿ ಅದುರಿತು, ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಬಾವ ಎರಡೂ ಕೈ ಒಂದರೊಳಗೊಂದು ಹೆಣೆದುಕೊಂಡು, ಉಸಿರು ಹಿಡಿದು ನಿಂತಿದ್ದರು.

"ಏನೂ ತೊಂದ್ರೆ ಇಲ್ಲ" ಎಂದಳು.

ಆಮೇಲೆ ತಡೆಯೇ ಇರಲಿಲ್ಲ. ನಡಿಗೆ, ತೊಂದರೆ ಇಲ್ಲ. ಕೆಲಸ, ತೊಂದರೆ ಇಲ್ಲ. ನಿದ್ದೆ ಚೆನ್ನಾಗಿದೆ. ಬಾವನ ಕಣ್ಣಲ್ಲಿ ನೀರು ತುಂಬಿತು, ಸಂತೋಷದ ನೀರು. ನನ್ನ ತಲೆ ಕೆಟ್ಟುಹೋಯಿತು. ಫೋನಿನ ಮೇಲೆ ಬಗ್ಗಿ ಹೇಳಿದೆ: "ಎಲ್ಲಾ ಸುಳ್ಳು. ಇವಳಿಗೆ ಈ ಫೋನು ಎತ್ತೋಕೆ ತ್ರಾಣ ಇಲ್ಲ. ಬರ್ಕೋ."

ಹುಡುಗಿಗೆ ನನ್ನ ದನಿ ಗೊತ್ತಾಯಿತು. ಅವಳ ಉಸಿರು ಕೇಳಿಸಿತು.

"ಪಕ್ಕದಲ್ಲಿರೋರ ಮಾತು ತಗೊಳ್ಳೋ ಹಾಗಿಲ್ಲ ಮೇಡಂ" ಎಂದಳು ಮೆಲ್ಲಗೆ. "ನೀವೇ ಹೇಳಿಕೊಟ್ಟಿದ್ದಲ್ವಾ?" ಮರುಕ್ಷಣ ಅದೇ ಸ್ಪಷ್ಟ ದನಿಯಲ್ಲಿ ಮುಂದಿನ ಪ್ರಶ್ನೆ ಓದಿದಳು. ಬಾವ ಬಂದು ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದರು. ಅವರು ನನ್ನ ಮೈ ಮುಟ್ಟಿದ್ದು ಅದೇ ಮೊದಲು.

"ಅವಳು ಗುಣ ಆಗೋದು ನಿನಗೆ ಬೇಡ್ವಾ?" ಎಂದರು.

ಎರಡನೇ ಹಂತ ಶುರುವಾಯಿತು. ಅಕ್ಕ ದಿನವಿಡೀ ಲ್ಯಾಬಿನಲ್ಲಿದ್ದಳು, ಸಂಜೆ ಬಾವನ ತೋಳು ಹಿಡಿದು ನಡೆದಳು. ತಿಂಗಳು ತುಂಬುವ ಮೊದಲೇ ಮೆಟ್ಟಿಲ ತಿರುವಿನಲ್ಲಿ ಕುಸಿದಳು. ಬಾವ ಎತ್ತಿಕೊಂಡು ಬಂದು ಮಲಗಿಸಿದರು. ಆವತ್ತಿನಿಂದ ಅವಳು ಹಾಸಿಗೆ ಬಿಟ್ಟು ಎದ್ದಿಲ್ಲ. ಬೆಳಕು ಚುಚ್ಚುತ್ತದೆ, ಸದ್ದು ಹೊಡೆದ ಹಾಗಾಗುತ್ತದೆ. ಕಿಟಕಿಗೆ ಕಂಬಳಿ ಹೊಡೆದಿದ್ದೇವೆ, ಪಾತ್ರೆಗಳನ್ನು ಬಟ್ಟೆಯ ಮೇಲಿಡುತ್ತೇವೆ. ಕೈಯಲ್ಲಿದ್ದ ಅರ್ಧ ಬದುಕೂ ಹೋಯಿತು.

ತರಬೇತಿಯವಳು ಫೋನು ಮಾಡಿ, ಮೆತ್ತಗೆ, "ಮನೇಲಿ ನಂಬಿಕೆ ಇಲ್ಲದೋರು ಯಾರಾದ್ರೂ ಇದ್ದಾರಾ?" ಎಂದು ವಿಚಾರಿಸಿದಳು. ಬಾವ ನನ್ನ ಮುಖ ನೋಡಿದರು. "ಇಲ್ಲ, ಎಲ್ಲರೂ ನಂಬಿದ್ವಿ" ಎಂದು ಹೇಳಿ ಫೋನು ಇಟ್ಟರು. ಎರಡನೇ ಸುತ್ತಿನ ಫಲಿತಾಂಶ ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ಅವರು ಲೆಕ್ಕಕ್ಕೆ ಹಿಡಿದದ್ದು ಆ ಫೋನಿನ ಉತ್ತರ; ಚೇತರಿಸಿಕೊಂಡವರ ಲೆಕ್ಕದಲ್ಲಿ ನನ್ನ ಅಕ್ಕನೂ ಇದ್ದಾಳೆ. ಆ ಪತ್ರಿಕೆಯನ್ನು ಬಾವ ಓದಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಅದು ಮೂರು ದಿನ ಅಡಿಗೆಮನೆಯ ಕಟ್ಟೆಯ ಮೇಲೆ ಬಿದ್ದಿತ್ತು.

ಈಗ ಮಧ್ಯಾಹ್ನದ ಹೊತ್ತು ನಾನು ಅಕ್ಕನ ಹತ್ತಿರ ಇರುತ್ತೇನೆ. ಗಂಜಿಯನ್ನು ಚಮಚದಲ್ಲಿ ಕುಡಿಸುತ್ತೇನೆ. ಮಾತಿಲ್ಲ, ಕತೆಯಿಲ್ಲ. ಒಂದು ದಿನ ಬಾಯಿ ಒರೆಸುವಾಗ ಅವಳು ನನ್ನ ಬೆರಳು ಹಿಡಿದುಕೊಂಡಳು. ಕಿವಿಯನ್ನು ಅವಳ ತುಟಿಯ ಹತ್ತಿರ ತಂದೆ.

"ಯಾರೂ ಕೇಳಲ್ಲ" ಎಂದಳು. "ಹೇಗಿದ್ದೀಯ ಅಂತ ಕೇಳು."

"ಹೇಗಿದ್ದೀಯೆ ಅಕ್ಕ?" ಎಂದೆ. ಅವಳು ಕಣ್ಣು ಮುಚ್ಚಿದಳು. ನಾನು ಕಾದೆ. ಅವಳ ಎದೆ ಏರಿತು, ಇಳಿಯಿತು. ಬಾಯಿ ತೆರೆದಳು.

"ಚೆನ್ನಾಗಿದ್ದೀನಿ" ಎಂದಳು.

ಹೇಳಿದ ಮೇಲೆ ತನಗೇ ಕೇಳಿಸಿತೆಂದು ಕಾಣುತ್ತದೆ. ಕಣ್ಣು ಬಿಟ್ಟು, ದಿಗಿಲಿನಿಂದ ನನ್ನನ್ನು ನೋಡಿದಳು. ಅಳಲು ತ್ರಾಣವಿಲ್ಲದೆ ನೀರು ಸುಮ್ಮನೆ ಕಿವಿಯ ಕಡೆ ಇಳಿಯಿತು. ಬೆರಳ ಮೇಲಿನ ಹಿಡಿತ ಬಿಗಿಯಾಯಿತು.

"ಅದಲ್ಲ ಕಣೆ" ಎಂದಳು. "ಅದಲ್ಲ. ಇನ್ನೊಂದ್ಸಲ ಕೇಳು."

ಇನ್ನೊಂದು ಸಲ ಕೇಳಿದೆ.